ಕಾರ್ನೆಟ್ಟಿನ ಹಲ್ಲು

ನಮ್ಮೂರ ಭಜನೆ ಮಂಡಳಿಯಲ್ಲಿ ನನಗೆ ಚಪ್ಪಾಳೆ ತಟ್ಟುವ ಹಕ್ಕಿಲ್ಲ. ಹಾಡಬಹುದು, ಹೂ ಕಟ್ಟಬಹುದು, ಕೊನೆಗೆ ಕಡಲೆ ಉಸಲಿ ಹಂಚಬಹುದು. ಕೈ ಮಾತ್ರ ಮಡಿಲಲ್ಲೇ ಇರಬೇಕು. ಎಲ್ಲರೂ ನಾಲ್ಕೆಣಿಕೆಯ ತಾಳದಲ್ಲಿ ಒಂದಕ್ಕೆ, ಮೂರಕ್ಕೆ ತಟ್ಟುವಾಗ ನನ್ನ ಕೈ ತಾನಾಗಿಯೇ ಎರಡಕ್ಕೆ, ನಾಲ್ಕಕ್ಕೆ ಬೀಳುತ್ತದೆ. ಮೊದಲು ಮಂಡಳಿಯ ಹಿರಿಯಾಕೆ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು. ಅಲ್ಲಿ ಪಕ್ಕದಲ್ಲಿ ಕೂತವರಿಗೂ ಅದು ಅಂಟಿಕೊಂಡಿತು. ಒಂದು ಶನಿವಾರ ಹಿಂದಿನ ಸಾಲು ಪೂರ್ತಿ ಎರಡಕ್ಕೆ ನಾಲ್ಕಕ್ಕೆ ತಟ್ಟತೊಡಗಿ, ಆಂಜನೇಯನ ಹಾಡು ಸೊಂಟ ಕುಣಿಸಿಕೊಂಡು ಹೊರಟಂತಾಗಿ, ಪೂಜಾರಿಗಳು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ಅಂದಿನಿಂದ ನನ್ನ ಕೈಗೆ ಉಸಲಿ ಪಾತ್ರೆ ಕೊಟ್ಟಿದ್ದಾರೆ.

ಕೈಯನ್ನು ಹೀಗೆ ಕೆಡಿಸಿದ್ದು ಹಳೇ ಜಾಜ್ ಸಂಗೀತ. ಜಾಜ್‌ನಲ್ಲಿ ಹೊಸದೂ ಇದೆ, ಅದು ನನಗೆ ತಿಳಿಯದು. ನನ್ನದು ಅತಿ ಹಳೆಯದು. ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನ ಬೀದಿಗಳಲ್ಲಿ ಕಪ್ಪು ಜನ ನಡೆದುಕೊಂಡು ಊದುತ್ತಿದ್ದ ಕಾಲದ್ದು. ಅದರಲ್ಲಿ ಕಾರ್ನೆಟ್ ಎಂಬ ಹಿತ್ತಾಳೆ ವಾದ್ಯ, ಟ್ರಂಪೆಟ್ಟಿನ ಕುಳ್ಳ ತಮ್ಮನಂಥದ್ದು, ಹಾಡನ್ನು ಕೈಹಿಡಿದು ನಡೆಸುತ್ತದೆ. ಕ್ಲಾರಿನೆಟ್ ಅದರ ತಲೆಯ ಮೇಲೆ ಹಾರಾಡುತ್ತದೆ. ಟ್ರೊಂಬೋನ್ ಕೆಳಗೆ ಎಲ್ಲೋ ಹಾಸಿಗೆ ಕೊಡವುತ್ತಿರುತ್ತದೆ. ಮೂವರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಇನ್ನೊಬ್ಬರದು ಮುಗಿಯಲಿ ಎಂದು ಕಾಯುವುದಿಲ್ಲ. ಆದರೂ ಕೊನೆಗೆ ಮೂವರೂ ಒಂದೇ ಬಾಗಿಲಿನಿಂದ ಮನೆ ಸೇರುತ್ತಾರೆ.

ನಾನು ಇದನ್ನು ಮೊದಲು ಕೇಳಿದ್ದು ನೀರಿನ ಸರದಿಯಲ್ಲಿ. ನಮ್ಮಪ್ಪ ಕೆಜಿಎಫ್‌ನ ಕೋರಮಂಡಲ್ ಚಿನ್ನದ ಗಣಿಯ ಎಂಜಿನ್ ಮನೆಯಲ್ಲಿದ್ದರು. ಆಳುಗಳನ್ನು ಭೂಮಿಯೊಳಗೆ ಇಳಿಸುವುದು, ಮೇಲೆತ್ತುವುದು ಅವರ ಕೆಲಸ. ನಾನು ಕಾನ್ವೆಂಟಿನಿಂದ ಬಂದ ಕೂಡಲೇ ಕೊಡ ಹಿಡಿದು ಗಣಿಯವರ ಕ್ಲಬ್ಬಿನ ಹಿಂದಿನ ನಲ್ಲಿಗೆ ಓಡಬೇಕಿತ್ತು. ಒಳಗೆ ಬ್ಯಾಂಡಿನವರು ಶನಿವಾರದ ಡ್ಯಾನ್ಸಿಗೆ ಅಭ್ಯಾಸ ಮಾಡುತ್ತಿದ್ದರು. ಅಡುಗೆಮನೆಯ ಬೆಳಕಿಂಡಿಯಿಂದ ಕಟ್ಲೆಟ್ಟಿನ ವಾಸನೆಯೂ ಕಾರ್ನೆಟ್ಟಿನ ಸದ್ದೂ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಬರುತ್ತಿದ್ದವು. ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಸಿಸ್ಟರು, ಎಡಗೈ ಬಲಗೈ ಜಗಳವಾಡಬಾರದು ಎಂದು ನಮ್ಮ ಬೆರಳಿನ ಗೆಣ್ಣಿಗೆ ಅಡಿಪಟ್ಟಿಯಿಂದ ತಟ್ಟುತ್ತಿದ್ದರು. ಇಲ್ಲಿ ಗೋಡೆಯಾಚೆ ದೊಡ್ಡ ಗಂಡಸರು ಜಗಳವಾಡುತ್ತಲೇ ಎಷ್ಟು ಸುಖವಾಗಿದ್ದರು. ಕೊಡ ತುಂಬಿ ಹರಿದು ನನ್ನ ಬಿಳೀ ಕಾಲುಚೀಲ ನೆನೆದು ಹೋಗುತ್ತಿತ್ತು. ಹಿಂದಿನವರು ಬೈಯುತ್ತಿದ್ದರು, ಮೂರು ಭಾಷೆಯಲ್ಲಿ.

ಆ ಕಾರ್ನೆಟ್ ಊದುತ್ತಿದ್ದವರು ನಮ್ಮ ಲೈನಿನ, ಎಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಕೊನೇ ಮನೆಯ ಅಂಕಲ್. ಹಗಲು ಭೂಮಿಯ ಒಳಗೆ ಬಂಡೆ ಕೊರೆಯುವ ಕೆಲಸ, ಸಂಜೆ ಕ್ಲಬ್ಬಿನಲ್ಲಿ ಬೋ ಟೈ. ಚರ್ಚಿನ ಬ್ಯಾಂಡಿನಲ್ಲಿ ಊದಲು ಕಲಿತವರನ್ನು ಕ್ಲಬ್ಬಿನ ಆಂಗ್ಲೋ-ಇಂಡಿಯನ್ ಮಾಸ್ಟರರೊಬ್ಬರು ರೆಕಾರ್ಡು ಹಾಕಿ ಕೇಳಿಸಿ ಕೆಡಿಸಿದರಂತೆ. ಗಣಿ ಮುಚ್ಚಿತು, ಕ್ಲಬ್ಬಿನ ನೆಲ ಎದ್ದುಹೋಯಿತು, ಕ್ಲಾರಿನೆಟ್ಟಿನವರು ಆಸ್ಟ್ರೇಲಿಯಾಕ್ಕೆ ಹೋದರು, ಟ್ರೊಂಬೋನಿನವರು ದೇವರ ಹತ್ತಿರ ಹೋದರು. ಅಂಕಲ್ ಮತ್ತು ಕಾರ್ನೆಟ್ ಅದೇ ಲೈನು ಮನೆಯಲ್ಲಿ ಉಳಿದರು. ಅವರ ಜೊತೆ ಆಂಟಿ.

ನಾನು ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂದೆ. ಹಸು, ಟೊಮೇಟೊ, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಈ ಮನೆಯ ಅಡುಗೆಮನೆ ನನಗೆ ಅರ್ಥವಾದದ್ದೇ ಜಾಜ್ ಕೇಳಿದ್ದರಿಂದ. ಅತ್ತೆ ಹಸುವಿನ ವಿಷಯ, ಓರಗಿತ್ತಿ ತವರಿನ ವಿಷಯ, ಅತ್ತೆಯ ತಂಗಿ ಮಿಕ್ಕ ಎಲ್ಲರ ವಿಷಯ, ಮೂವರೂ ಒಂದೇ ಸಲ, ಅರ್ಧ ಕನ್ನಡ ಅರ್ಧ ತೆಲುಗು. ಕಾನ್ವೆಂಟಿನ ಹುಡುಗಿ ಹೆದರಿ ಓಡಬೇಕಿತ್ತು. ನಾನು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ಮುದ್ದೆ ಮಾತ್ರ ಸರಿಯಾದ ಹೊತ್ತಿಗೆ ಗುಂಡಗೆ ತಟ್ಟೆಗೆ ಬೀಳುತ್ತಿತ್ತು.

ಕೊಟ್ಟಿಗೆಯ ಕಂಬಕ್ಕೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ನಾನು ಜಾಜ್ ಕೇಳುತ್ತಿದ್ದೆ, ಈಗ ಫೋನಿನಲ್ಲಿ ಕೇಳುತ್ತೇನೆ. ಅತ್ತೆ ಇಷ್ಟು ವರ್ಷದಲ್ಲಿ ಆ ಸಂಗೀತದ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ನಿಧಾನದ್ದು ಬಂದರೆ, “ಯಾರ್ ಸತ್ರೇ?” ಜೋರಿನದ್ದು ಬಂದರೆ, “ಯಾರ್ದೇ ಮದ್ವೆ?” ರೆಕಾರ್ಡಿನ ಕವರುಗಳ ಹಿಂದೆ ದೊಡ್ಡ ದೊಡ್ಡ ಪಂಡಿತರು ಬರೆದದ್ದನ್ನು ಓದಿದ್ದೇನೆ. ಯಾರೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿಲ್ಲ.

ಪ್ರತಿ ಗುರುವಾರ ಪ್ಯಾಸೆಂಜರ್ ರೈಲಿನಲ್ಲಿ ಕೋರಮಂಡಲ್‌ಗೆ ಹೋಗುವುದು ನನ್ನ ಅಭ್ಯಾಸ. ಟಿಫಿನ್ ಕ್ಯಾರಿಯರಿನಲ್ಲಿ ಏನಾದರೂ ಒಯ್ಯುತ್ತೇನೆ. ಅಂಕಲ್ ಹೊರಗಿನ ಜಗುಲಿಯಲ್ಲಿ, ಎದುರಿಗಿರುವ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಕ್ಕೇ ಕೇಳಿಸಬೇಕೆಂಬಂತೆ ಊದುತ್ತಾರೆ. ನಾನು ಕ್ಯಾರಿಯರಿನ ಮುಚ್ಚಳದ ಮೇಲೆ ಉಂಗುರದಿಂದ ತಟ್ಟುತ್ತೇನೆ, ಎರಡಕ್ಕೆ, ನಾಲ್ಕಕ್ಕೆ. ಒಳಗಿನಿಂದ ಆಂಟಿಯ ಒಂದೇ ಮಾತು ಬರುತ್ತಿತ್ತು: ಮೆತ್ತಗೆ. ಕಾರ್ನೆಟ್ಟಿನ ಬಾಯಿಗೆ ಏನಾದರೂ ಮುಚ್ಚಿದರೆ ಸದ್ದು ಇಳಿಯುತ್ತದೆ ಎಂದು ತಿಳಿದು ಆಂಟಿ ಒಂದು ದಿನ ತಾವೇ ಅಲ್ಯೂಮಿನಿಯಂ ಲೋಟ ತಂದು ತುರುಕಿದ್ದರು. ಬಾಯಿ ಮುಚ್ಚಿಕೊಂಡು ಯಾರಾದರೂ ಹಾಡುತ್ತಾರಾ ಎಂದು ಅಂಕಲ್ ಅದನ್ನು ಕಿತ್ತು ಬಿಸಾಡಿದರು. ಲೋಟಕ್ಕೆ ಸೊಟ್ಟು ಬಿತ್ತು. ಆಂಟಿ ಕೊನೆಯವರೆಗೂ ಆ ಸೊಟ್ಟು ಲೋಟದಲ್ಲೇ ಅವರಿಗೆ ಕಾಫಿ ಕೊಟ್ಟರು.

ನಾನು ಪ್ರತಿ ವಾರ ಎಲ್ಲಿಗೆ ಹೋಗುತ್ತೇನೆ ಎಂದು ನೋಡಲು ಒಮ್ಮೆ ಅತ್ತೆಯೂ ರೈಲು ಹತ್ತಿದರು. ಆಂಟಿಗೆ ತಮಿಳು, ಇವರಿಗೆ ತೆಲುಗು-ಕನ್ನಡ. ಆದರೆ ದೂರು ಒಂದೇ ಇದ್ದದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ನಾವಿಬ್ಬರು ಹೊರಗೆ ಊದುವುದು ತಟ್ಟುವುದು, ಅವರಿಬ್ಬರು ಒಳಗೆ ತಲೆ ತಲೆ ಚಚ್ಚಿಕೊಳ್ಳುವುದು. ಅಲ್ಲಿಂದ ಮುಂದೆ ಅತ್ತೆ ಗುರುವಾರ ನನಗಿಂತ ಮೊದಲೇ ಸೀರೆ ಬದಲಾಯಿಸಿ ಕೂರುತ್ತಿದ್ದರು.

ಈಗ ಹಲ್ಲಿನ ವಿಷಯ. ಅಂಕಲ್ ಆಂಟಿ ಇಬ್ಬರಿಗೂ ಒಂದೇ ಸಲ ಹಲ್ಲು ಸೆಟ್ಟು ಕಟ್ಟಿಸಿದ್ದು. ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಸೆಟ್ಟು ಕಟ್ಟುವವರೊಬ್ಬರಿದ್ದಾರೆ, ಬಹಳ ಗಂಭೀರ ಮನುಷ್ಯ. ಊಟಕ್ಕೋ ಮಾತಿಗೋ ಎಂದು ಕೇಳಿದರಂತೆ. ಊದುವುದಕ್ಕೆ ಎಂದರು ಅಂಕಲ್. ಅವರು ಯೋಚಿಸಿ, ಮುಂದಿನ ಹಲ್ಲುಗಳನ್ನು ದೊಡ್ಡದಾಗಿ, ಕೊಂಚ ಮುಂದಕ್ಕೆ ಇಟ್ಟು ಕಟ್ಟಿದರು. ಅದರಲ್ಲಿ ಒಂದಕ್ಕೆ ಚಿನ್ನದ ಕವಚ ಹಾಕಲೇಬೇಕೆಂದು ಅಂಕಲ್ ಹಟ ಹಿಡಿದರು; ಜೀವಮಾನವೆಲ್ಲ ಚಿನ್ನ ತೆಗೆದವನ ಬಾಯಲ್ಲಿ ಒಂದು ಚೂರಾದರೂ ಬೇಡವೇ ಎಂದು. ಆಂಟಿ ತಮಗೆ ಚಿಕ್ಕದು, ಸಾದಾ ಸಾಕು ಎಂದರು. ಎರಡು ಸೆಟ್ಟೂ ಮಲಗುವ ಮುಂಚೆ ಕಿಟಕಿಯ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟದಲ್ಲಿ, ಉಪ್ಪು ಹಾಕಿದ ನೀರಿನಲ್ಲಿ ಅಕ್ಕಪಕ್ಕ ಮುಳುಗುತ್ತಿದ್ದವು. ಎಡಗಡೆಯದು ಅಂಕಲ್‌ದು, ಬಲಗಡೆಯದು ಆಂಟಿಯದು. ಗೋಡೆಯ ಮೇಲಿನ ಮದುವೆ ಫೋಟೋದಲ್ಲೂ ಅವರು ನಿಂತಿದ್ದು ಹಾಗೇ.

ಕಳೆದ ವರ್ಷ ಆಂಟಿ ಹಾಸಿಗೆ ಹಿಡಿದರು. ಆಗ ಅಂಕಲ್ ಒಂದು ಮಾತು ಕೇಳಿದರು. ನ್ಯೂ ಆರ್ಲಿಯನ್ಸಿನ ಪದ್ಧತಿ ಹೀಗೆ: ಹೆಣದ ಜೊತೆ ಹೋಗುವಾಗ ಬ್ಯಾಂಡಿನವರು ನಿಧಾನಕ್ಕೆ ಊದಿ ಜನರನ್ನು ಅಳಿಸುತ್ತ ಹೋಗುತ್ತಾರೆ, ಮಣ್ಣು ಮಾಡಿ ವಾಪಸ್ ಬರುವಾಗ ಕುಣಿಸುತ್ತ ಬರುತ್ತಾರೆ. ಲೈನಿನಲ್ಲಿ ಯಾರು ಹೋದರೂ ಅಂಕಲ್ ಹಾಗೆ ಊದಿದ್ದಾರೆ, ಜನರೂ ಒಗ್ಗಿಹೋಗಿದ್ದಾರೆ. ಈಗ ಹಾಸಿಗೆಯ ಪಕ್ಕ ಕೂತು, ನಿನಗೂ ಊದಲಾ ಎಂದು ಕೇಳಿದರು. ನಾನು ಕಿತ್ತಳೆ ಬಿಡಿಸುತ್ತಿದ್ದೆ. ಆಂಟಿ ಕಣ್ಣು ಮುಚ್ಚಿಕೊಂಡು, ಲೆಕ್ಕ ಹಾಕಿದಂತೆ ಬೆರಳು ಮಡಿಸಿ ಹೇಳಿದರು:

“ಊದು. ಆದ್ರೆ, ಮೆತ್ತಗೆ.”

ಮದುವೆಯಾದಂದಿನಿಂದ ಊದು ಎಂದು ಆಂಟಿ ಬಾಯಲ್ಲಿ ಬಂದದ್ದು ಅದೊಂದೇ ಸಲ. ಅಂಕಲ್ ಎದ್ದು ಹೊರಗೆ ಹೋಗಿ, ಕಾರ್ನೆಟ್ಟನ್ನು ಬ್ರಾಸೋ ಪಾಲಿಶ್ ಹಾಕಿ ಉಜ್ಜತೊಡಗಿದರು. ಆಂಟಿ ಒಳಗಿನಿಂದ, ನಾನು ಇನ್ನೂ ಇದ್ದೀನಿ ಎಂದರು.

ಆಂಟಿ ಹೋದ ಬೆಳಗ್ಗೆ ಅತ್ತೆಯೂ ನಾನೂ ತಲುಪುವ ಹೊತ್ತಿಗೆ ಲೈನಿನ ಹೆಂಗಸರು ಮೈ ತೊಳೆಸಿ, ಮದುವೆ ಸೀರೆ ಉಡಿಸಿ, ಕೈಗೆ ಬಿಳೀ ಗ್ಲೌಸು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕೂಡಿದವರೆಲ್ಲ ಒಂದೇ ಮಾತು ಆಡುತ್ತಿದ್ದರು: ಮುಖದಲ್ಲಿ ಎಂಥ ನಗು. ನಿಜವಾಗಿಯೂ ಆಂಟಿ ನಗುತ್ತಿದ್ದರು. ಬದುಕಿರುವಾಗ ತುಟಿ ಬಿಗಿಹಿಡಿದೇ ಇರುತ್ತಿದ್ದ ಹೆಂಗಸು, ಈಗ ಯಾರೋ ಭಾರಿ ಜೋಕು ಹೇಳಿದಂತೆ ತುಟಿ ತೆರೆದು, ಮೇಲಿನ ಸಾಲು ಕಾಣುವಂತೆ ನಗುತ್ತಿದ್ದರು. ಪಾಸ್ಟರು ಅದನ್ನೇ ಹಿಡಿದು ಸ್ವರ್ಗದ ಸಮಾಧಾನದ ಬಗ್ಗೆ ಮಾತಾಡಿದರು. ಹೂವು ತಲೆಯ ಸುತ್ತ, ಗಲ್ಲದವರೆಗೂ ತುಂಬಿತ್ತು. ನನಗೂ ಅಳು ಬಂತು.

ಅಂಕಲ್ ಮಾತ್ರ ಪೆಟ್ಟಿಗೆಯ ಹತ್ತಿರ ಇರಲಿಲ್ಲ. ಮಂಚದ ಕೆಳಗಿದ್ದರು. ಹಲ್ಲು ಸಿಗುತ್ತಿರಲಿಲ್ಲ.

ಹಲ್ಲಿಲ್ಲದೆ ಕಾರ್ನೆಟ್ ಊದಲಾಗದು; ತುಟಿಯ ಹಿಂದೆ ಗೋಡೆ ಇರಬೇಕು. ಮನೆ ತುಂಬ ಸಾವಿನ ಜನ, ಅವರ ನಡುವೆ ನಾವು ಕೆಲವರು ನೆಲದ ಮೇಲೆ ತೆವಳುತ್ತಿದ್ದೆವು. ತೆವಳುವವರನ್ನು ನೋಡಿ ದುಃಖ ತಡೆಯಲಾರದೆ ಬಿದ್ದವರೆಂದು ತಿಳಿದು ಯಾರೋ ಎತ್ತಿ ಕೂರಿಸುತ್ತಿದ್ದರು, ನಾವು ಮತ್ತೆ ಇಳಿಯುತ್ತಿದ್ದೆವು. ಅಕ್ಕಿ ಡ್ರಮ್ಮು, ಹೂಬುಟ್ಟಿ, ಹಾಡಿನ ಪುಸ್ತಕಗಳ ಗಂಟು ಎಲ್ಲ ನೋಡಿಯಾಯಿತು. ಅತ್ತೆ ಹಿತ್ತಲಿಗೆ ಹೋಗಿ ಆಂಟಿಯ ಕೋಳಿಗಳನ್ನು ಒಂದೊಂದಾಗಿ ಹಿಡಿದು ಕುತ್ತಿಗೆಯ ಚೀಲ ಅಮುಕಿ ನೋಡಿದರು. ಒಂದು ಹುಂಜದ ಮೇಲೆ ಅವರಿಗೆ ಬಲವಾದ ಅನುಮಾನವಿತ್ತು. ಅದನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಪ್ರಾರ್ಥನೆಗೆ ನಿಂತರು.

ಅಷ್ಟರಲ್ಲಿ ಫೋಟೋದವನು ಬಂದ. ನಮ್ಮ ಕೆಜಿಎಫ್ ಕಡೆಯ ಕ್ರೈಸ್ತರಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಅದನ್ನು ಕೊಂಚ ಎತ್ತರಿಸಿ, ಸುತ್ತ ಮನೆಯವರು ನಿಂತು ಒಂದು ಗ್ರೂಪ್ ಫೋಟೋ ತೆಗೆಸುವ ಪದ್ಧತಿಯಿದೆ. ಅಂಕಲ್ ಮಂಚದ ಕೆಳಗಿನಿಂದ ಬಂದು ನಿಂತರು. ಕಣ್ಣಿಗೆ ಪೊರೆ, ಕನ್ನಡಕ ಎಲ್ಲೋ, ಕಣ್ಣೀರು ಬೇರೆ; ಬಾಯಿಗೆ ಕರ್ಚೀಫು, ಕಂಕುಳಲ್ಲಿ ಕಾರ್ನೆಟ್. ಅವರ ಪಕ್ಕ ಅತ್ತೆ, ಕಂಕುಳಲ್ಲಿ ಹುಂಜ. ಮನೆಯವರಂತೆ ಅತ್ತೆಯನ್ನೂ ನಿಲ್ಲಿಸಿಕೊಂಡಿದ್ದು ಅಂಕಲ್‌ರೇ.

ಬಂಗಾರಪೇಟೆಯಿಂದ ಬ್ಯಾಂಡ್ ಸೆಟ್ಟಿನವರು ಬಂದಿದ್ದರು, ಮದುವೆಯ ಕೆಂಪು ಕೋಟಿನಲ್ಲಿ. ಅವರು ಸಿನಿಮಾ ಹಾಡೊಂದನ್ನು ಹೋಗುವಾಗಲೂ ನಿಧಾನವಾಗಿ ಊದಿದರು, ಬರುವಾಗಲೂ ನಿಧಾನವಾಗಿ ಊದಿದರು. ಅಂಕಲ್ ಕಾರ್ನೆಟ್ಟನ್ನು ಮಗುವಿನಂತೆ ಎತ್ತಿಕೊಂಡು ಹಿಂದೆ ನಡೆದರು. ಮನೆಗೆ ಬಂದು ಅದನ್ನು ಪೆಟ್ಟಿಗೆಗೆ ಹಾಕಿ, ಕೊಂಡಿ ಸಿಕ್ಕಿಸಿ, ನನ್ನ ಕಡೆ ನೋಡದೆ ಹೇಳಿದರು:

“ನೋಡು ಪಾಪಾ, ಅವಳು ಊದು ಅಂದಿದ್ದು ಒಂದೇ ಸಲ. ಅದೂ ಆಗ್ಲಿಲ್ಲ.”

ಆಮೇಲಿನ ಗುರುವಾರಗಳು ಬಹಳ ಕೆಟ್ಟವು. ಜಗುಲಿ ಸುಮ್ಮನಿತ್ತು. ಇನ್ನೊಂದು ಅವಕಾಶವಿತ್ತು: ತಿಂಗಳ ಪ್ರಾರ್ಥನೆಯ ದಿನ ಎಲ್ಲರೂ ಮತ್ತೆ ಸಿಮಿಟ್ರಿಗೆ, ಗೋರಿಯ ಹತ್ತಿರ, ಹೋಗುತ್ತಾರೆ. ಅಂದು ಊದಿಬಿಟ್ಟರೆ ಮಾತು ಉಳಿಯುತ್ತದೆ ಎಂದು ನಾನು ಹೇಳಿ ಹೇಳಿ ಅವರನ್ನು ಸೆಟ್ಟು ಕಟ್ಟುವವರ ಹತ್ತಿರ ಕರೆದುಕೊಂಡು ಹೋದೆ. ಹೊಸ ಸೆಟ್ಟು ಬಂತು. ಊಟಕ್ಕೆ ಅದ್ಭುತ, ಅಂಕಲ್ ಚಕ್ಕುಲಿ ಕಡಿದು ತೋರಿಸಿದರು. ಕಾರ್ನೆಟ್ ಇಟ್ಟರೆ ಮಾತ್ರ ತುಟಿ ಸೇರುತ್ತಿರಲಿಲ್ಲ, ಗಾಳಿ ಪಕ್ಕದಿಂದ ಸೋರಿ, ರಬ್ಬರು ಹೋದ ಕುಕ್ಕರಿನಂತೆ ಉಸ್ಸೆನ್ನುತ್ತಿತ್ತು. ನಾನು ಅಭ್ಯಾಸಬಲದಿಂದ ಆ ಉಸ್ಸಿಗೂ ಎರಡಕ್ಕೆ ನಾಲ್ಕಕ್ಕೆ ತಟ್ಟಿದೆ. ಸೆಟ್ಟು ಕಟ್ಟುವವರು ಕಿವಿಗೊಟ್ಟು ಕೇಳಿ, ಬಾಯಿ ಒಗ್ಗಲು ಆರು ತಿಂಗಳು ಬೇಕು ಎಂದರು. ಪ್ರಾರ್ಥನೆಗೆ ಉಳಿದಿದ್ದು ಒಂದು ವಾರ ಚಿಲ್ಲರೆ. ಅಂಕಲ್ ಕಾರ್ನೆಟ್ಟನ್ನು ನನಗೆ ಕೊಟ್ಟುಬಿಡುವ ಮಾತಾಡಿದರು. ಹಿತ್ತಾಳೆಗೆ ಬೇಕಾದರೂ ಹಾಕು ಎಂದರು. ನಾನು ಆ ದಿನ ರೈಲಿನಲ್ಲಿ ಜಾಜ್ ಕೇಳಲು ಫೋನು ತೆಗೆಯಲೇ ಇಲ್ಲ.

ಫೋಟೋ ಬಂದದ್ದು ಅದರ ಮರುವಾರ. ದೊಡ್ಡದು, ಚೌಕಟ್ಟು ಹಾಕಿದ್ದು, ಅಂಚಿಗೆ ಮಿಣಿಮಿಣಿ ಲೈಟು. ಅಂಕಲ್ ಅದನ್ನು ನೇತುಹಾಕಲು ಮೊಳೆ ಹುಡುಕುತ್ತಿದ್ದರು. ಅತ್ತೆ ಮೊದಲು ಅದರಲ್ಲಿ ಹುಂಜ ಚೆನ್ನಾಗಿ ಬಂದಿದೆಯೇ ಎಂದು ನೋಡಿದರು. ಆಮೇಲೆ ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಸೆರಗಿನಿಂದ ಗಾಜು ಒರೆಸಿದರು.

“ಇದೇನಣ್ಣೋ,” ಎಂದರು, “ನಮ್ಮಕ್ಕನ ಬಾಯಾಗೆ ಚಿನ್ನ ಮಿಂಚ್ತದೆ?”

ನಾನೂ ನೋಡಿದೆ. ಲೈಟಿನ ಪ್ರತಿಬಿಂಬ ಎಂದುಕೊಂಡೆ. ಲೈಟು ಆರಿಸಿದರೂ ಅದು ಮಿನುಗುತ್ತಲೇ ಇತ್ತು. ಆ ದೊಡ್ಡ, ಮುಂದೆ ಬಂದ ಹಲ್ಲುಗಳನ್ನು ನಾನು ಎಷ್ಟೋ ವರ್ಷದಿಂದ ಕಾರ್ನೆಟ್ಟಿನ ಹಿಂದೆ ನೋಡುತ್ತ ಬಂದಿದ್ದೆ. ಸಾವಿನ ಮನೆಯಲ್ಲಿ ಅವು ಆಂಟಿಯ ಮುಖದಲ್ಲಿದ್ದುದರಿಂದ, ನಾವೆಲ್ಲ ಅವನ್ನು ನಗು ಎಂದು ತಿಳಿದಿದ್ದೆವು.

ಅಂಕಲ್ ಭೂತಗನ್ನಡಿ ತಂದರು. ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಏಸುವಿನ ಪಟದ ಹಿಂದಿನಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟರು. ಮೇಲೆ ಸಾಸರು ಮುಚ್ಚಿತ್ತು. ತೆಗೆದರೆ ಆಂಟಿಯ ಚಿಕ್ಕ, ಸಾದಾ ಹಲ್ಲು ಸೆಟ್ಟು. ಆಂಟಿಯನ್ನು ಹಲ್ಲಿಲ್ಲದೇ ಕಳಿಸಿದ್ದಾರೆ, ಮಲಗುವಾಗ ತೆಗೆಯುತ್ತಿದ್ದಳಲ್ಲ, ಅದಕ್ಕೇ ಇರಬೇಕು ಎಂದು ಅವರು ತಿಳಿದಿದ್ದರು. ಬಿಸಾಡಲು ಮನಸ್ಸು ಬಾರದೆ ದಿನಾ ಉಪ್ಪು ನೀರು ಬದಲಾಯಿಸುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ನಾವು ನಗುವನ್ನು ನೋಡಿದ್ದೆವು, ಲೋಟ ನೋಡಿರಲಿಲ್ಲ. ಅವರು ಲೋಟ ನೋಡಿದ್ದರು, ನಗುವನ್ನು ನೋಡಿರಲಿಲ್ಲ. ಮೈ ತೊಳೆಸುವಾಗ ಕಿಟಕಿ ಕಟ್ಟೆಯ ಮೇಲಿಂದ ಬಲಗಡೆಯದರ ಬದಲು ಎಡಗಡೆಯ ಲೋಟ ಎತ್ತಿಕೊಂಡ ಹೆಂಗಸು ಒಳಗೆ ನಿಂತು ನೋಡಿದ್ದಳೋ, ಎಡ ಬಲ ಅದಲುಬದಲಾಗುವ ಹೊರಗಿನಿಂದಲೋ, ಅದನ್ನು ಈಗ ಯಾರು ಹೇಳುತ್ತಾರೆ.

ಅಂಕಲ್‌ಗೆ ಮೊದಲು ಬಂದದ್ದು ನಗು. ಹೊಸ ಸೆಟ್ಟು ಕಳಚಿ ಅಂಗೈಗೆ ಬೀಳುವಷ್ಟು ನಕ್ಕರು. “ಅಷ್ಟು ವರ್ಷ ನಾನು ಭೂಮಿಯಿಂದ ತೆಗೆದೆ,” ಎಂದರು, “ಅವಳು ಒಂದು ಚೂರು ವಾಪಸ್ ಕೊಟ್ಟಳು.”

ಆಮೇಲೆ ಸುದ್ದಿ ಲೈನಿನಲ್ಲಿ ಹರಡಿ, ಜಗುಲಿಯ ಮೇಲೆ ಒಂದು ಸಭೆಯೇ ಸೇರಿತು. ಗೋರಿ ಅಗೆದು ತೆಗೆಯಬಹುದು ಎಂದು ಕೆಲವರು. ಅಗೆಯುವುದರಲ್ಲಿ ಈ ಊರಿನಷ್ಟು ಅನುಭವ ಯಾರಿಗಿದೆ ಎಂದು ಒಬ್ಬ ಹಳೇ ಗಣಿ ಕೆಲಸಗಾರರು ಎದೆಯುಬ್ಬಿಸಿದರು. ಪಾಸ್ಟರು, ಕಮಿಟಿಗೆ ಅರ್ಜಿ ಬರೆಯಬೇಕಾಗುತ್ತದೆ, ಕಾರಣ ಏನೆಂದು ಬರೆಯುವುದು ಎಂದು ಹಣೆ ಉಜ್ಜಿಕೊಂಡರು. ಅತ್ತೆ ಒಂದೇ ಮಾತಿನಲ್ಲಿ, ಸತ್ತೋಳ ಬಾಯಿಂದ ಕಿತ್ತುಕೊಂಡು ಊದಿದರೆ ಅದೇನು ಹಾಡು ಬರುತ್ತದೆ ಎಂದರು. ಎಲ್ಲರೂ ಅಂಕಲ್ ಕಡೆ ನೋಡಿದರು.

“ಭೂಮಿ ಒಳಗಡೆ ಇಳಿದು ತೆಗೆಯೋ ಕೆಲಸದಿಂದ ನಾನು ರಿಟೈರ್ಡು,” ಎಂದರು ಅಂಕಲ್. “ಅವಳು ನಗ್ತಾ ಇದ್ದಾಳೆ. ಇರ್ಲಿ ಬಿಡಿ.”

ಜನ ಎದ್ದು ಹೋದರು. ಮೇಜಿನ ಮೇಲೆ ಲೋಟ ಉಳಿಯಿತು. ಅತ್ತೆ ಅದರೊಳಗೆ ಇಣುಕಿ ನೋಡಿದರು, ಅಂಕಲ್ ಬಾಯಿ ನೋಡಿದರು. ಹಸುವಿಗೆ ಮೂಗುದಾರ ಅಳೆಯುವಾಗ ನೋಡುತ್ತಾರಲ್ಲ, ಹಾಗೆ.

“ಇದನ್ನ ಆಕ್ಕೊಂಡ್ ನೋಡಣ್ಣ.”

ಅಂಕಲ್ ಹಿಂದೆ ಸರಿದರು. ನಾನೂ, ಕಾನ್ವೆಂಟಿನಲ್ಲಿ ಇನ್ನೊಬ್ಬರ ಬಾಚಣಿಗೆ ಮುಟ್ಟಬಾರದೆಂದು ಕಲಿತವಳು, ಕ್ಯಾರಿಯರಿನ ಕಡೆ ತಿರುಗಿದೆ. ಅತ್ತೆ ಬಿಡಲಿಲ್ಲ. ಅವಳ ಬಾಯಾಗೆ ನಿಂದು ಐತೆ, ನಿನ್ ಬಾಯಾಗೆ ಅವಳ್ದು ಇದ್ರೆ ಸಮ ಆಯ್ತದೆ, ಅದ್ರಾಗೆ ನಾಚ್ಕೆ ಏನು ಎಂದರು. ನಾನು ಈ ವಾದವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ತಪ್ಪು ಕಾಣಲಿಲ್ಲ.

ಆಂಟಿಯ ಸೆಟ್ಟು ಅಂಕಲ್ ಬಾಯಲ್ಲಿ ಡಬ್ಬಿಯೊಳಗಿನ ಹುಣಿಸೆ ಬೀಜದಂತೆ ಗಲಗಲ ಎಂದಿತು. ಮಾರನೆಯ ದಿನ ನಾವು ಮೂವರೂ ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೋದೆವು. ಸೆಟ್ಟು ಕಟ್ಟುವವರು ಲೋಟದೊಳಗೆ ನೋಡಿದವರೇ ಗುರುತು ಹಿಡಿದರು. ಇದು ಅಮ್ಮನವರದ್ದಲ್ಲವೇ, ನಿಮ್ಮ ದವಡೆಯ ಅಳತೆಯೇ ಬೇರೆ ಎಂದರು. ಅಂಕಲ್ ನಡೆದದ್ದನ್ನೆಲ್ಲ ಹೇಳಿದರು. ಅವರು ಒಮ್ಮೆಯೂ ನಗದೆ ಕೇಳಿ, ಕೈ ತೊಳೆದುಕೊಂಡು ಬಂದು, ಅಂಕಲ್ ಬಾಯಿಗೆ ಗುಲಾಬಿ ಬಣ್ಣದ ಅಂಟು ತುಂಬಿ ಅಚ್ಚು ತೆಗೆದರು. ಆಂಟಿಯ ಸೆಟ್ಟಿನ ಒಳಮೈಗೆ ಹೊಸ ಪದರ ಕೂರಿಸಬಹುದು, ಮುಂದಿನ ಹಲ್ಲು ಮಾತ್ರ ಬದಲಾಯಿಸಬೇಕು, ತೀರಾ ಸವೆದಿವೆ ಎಂದರು.

“ಮುಂದಿನದು ಮುಟ್ಟಬೇಡಿ ಸಾರ್,” ಎಂದರು ಅಂಕಲ್. “ಒಳಗಡೆ ಏನಾದ್ರೂ ಮಾಡ್ಕೊಳ್ಳಿ.”

ಸೆಟ್ಟು ಕೈಗೆ ಬಂದದ್ದು ಪ್ರಾರ್ಥನೆಯ ದಿನ ಬೆಳಗ್ಗೆ. ಅಭ್ಯಾಸಕ್ಕೆ ಹೊತ್ತಿರಲಿಲ್ಲ. ಸೀದಾ ಸಿಮಿಟ್ರಿಗೆ ಹೋದೆವು. ಅಂಕಲ್ ಹಳೇ ಕ್ಲಬ್ಬಿನ ಬೋ ಟೈ ಕಟ್ಟಿದ್ದರು. ಹಲ್ಲಿನ ಲೋಟ ನನ್ನ ಕೈಯಲ್ಲಿತ್ತು, ನೀರಿನ ಸಮೇತ; ಊದುವವರೆಗೆ ಒಣಗಬಾರದೆಂದು. ಪ್ರಾರ್ಥನೆ ಮುಗಿಯಿತು. ಅಂಕಲ್ ಜನರಿಗೆ ಬೆನ್ನು ತಿರುಗಿಸಿ ಹಲ್ಲು ಹಾಕಿಕೊಂಡು, ಕಾರ್ನೆಟ್ ತುಟಿಗಿಟ್ಟರು.

ಮೊದಲ ಸಲ ಎಂದಿನಂತೆ ಎದೆ ತುಂಬ ಉಸಿರೆಳೆದು, ದಿಬ್ಬಕ್ಕೆ ಕೇಳಿಸುವಂತೆ ಊದಲು ಹೋದರು. ಸೆಟ್ಟು ಕಳಚಿ ನಾಲಗೆಯ ಮೇಲೆ ಬಿತ್ತು. ಸದ್ದೇ ಬರಲಿಲ್ಲ. ಕೂಡಿದವರು ಚಪ್ಪಲಿ ನೋಡಿಕೊಂಡರು. ಎರಡನೇ ಸಲವೂ ಹಾಗೇ. ಅವರ ಕಿವಿ ಕೆಂಪಾಯಿತು. ಅವರು ಗೋರಿಯ ಕಡೆ ಒಮ್ಮೆ ನೋಡಿದರು. ಯಾರೋ ಅಡುಗೆಮನೆಯಿಂದ ಕೂಗಿದಾಗ ತಲೆ ತಿರುಗಿಸುತ್ತಾರಲ್ಲ, ಅದೇ ನೋಟ. ಆಮೇಲೆ ಮಗುವಿನ ಕಣ್ಣಿಗೆ ಬಿದ್ದ ಧೂಳು ತೆಗೆಯಲು ಊದುವಷ್ಟು ಮಾತ್ರ ಊದಿದರು.

ಬಂತು. ಎರಡು ಮನೆ ಆಚೆ ಯಾರೋ ಬಾಗಿಲು ಮುಂದಕ್ಕೆಳೆದುಕೊಂಡು ಊದಿದಂತೆ, ಸಣ್ಣದಾಗಿ, ದುಂಡಗೆ ಬಂತು. ಸವೆದ ಚಿಕ್ಕ ಹಲ್ಲಿನ ಮುಂದೆ ತುಟಿಗೆ ಜಾಗ ಸಿಕ್ಕಿತ್ತು. ಆದರೆ ಒಂದು ಕೂದಲೆಳೆಯಷ್ಟು ಜೋರು ಮಾಡಿದರೂ ಸೆಟ್ಟು ಅಲುಗುತ್ತಿತ್ತು. ಮೆತ್ತಗೆ ಊದದೆ ಬೇರೆ ದಾರಿಯೇ ಇರಲಿಲ್ಲ. ಲೈನಿನ ಜನ ಕೇಳಿಸದೆ ಒಂದೊಂದು ಹೆಜ್ಜೆ ಹತ್ತಿರ ಬಂದರು. ಆ ನಿಧಾನದ ಹಾಡನ್ನು ನಾನು ನೀರಿನ ಸರದಿಯ ಕಾಲದಿಂದ ಕೇಳಿದ್ದೇನೆ. ಅದರಲ್ಲಿ ಇಷ್ಟು ತಿರುವುಗಳಿವೆ ಎಂದು ಗೊತ್ತಿರಲಿಲ್ಲ. ಜೋರಿನಲ್ಲಿ ಅವು ಮುಚ್ಚಿಹೋಗುತ್ತಿದ್ದವು.

ಮುಗಿಸಿ ಅಂಕಲ್ ಕಾರ್ನೆಟ್ ಕೆಳಗಿಳಿಸಿದರು. ಬಗ್ಗಿ, ಗೋರಿಯ ಮೇಲಿನ ಹೂವಿಗೆ ಹೇಳಿದಂತೆ ಹೇಳಿದರು:

“ಸಾಕಾ? ಇಷ್ಟು ಮೆತ್ತಗೆ?”

ವಾಪಸ್ ಹೊರಟಾಗ ಪದ್ಧತಿಯಂತೆ ಜೋರಿನದ್ದು ತೆಗೆದರು. ನಡೆಯುವ ಲಯ ಓಟದ್ದು, ಸದ್ದು ಪಿಸುಮಾತಿನದ್ದು. ಕುಣಿಯಬೇಕೋ ಕಿವಿಗೊಡಬೇಕೋ ತಿಳಿಯದೆ ಜನ ತುದಿಗಾಲಲ್ಲಿ ನಡೆದರು. ದೂರದಿಂದ ನೋಡಿದವರಿಗೆ ಎಲ್ಲರೂ ಮಲಗಿದ ಮಗುವೊಂದನ್ನು ದಾಟಿಕೊಂಡು ಬರುತ್ತಿರುವಂತೆ ಕಂಡಿರಬೇಕು. ತಾಳಕ್ಕೆ ಯಾರೂ ಇರಲಿಲ್ಲ. ನಾನು ನೀರು ಚೆಲ್ಲಿ, ಖಾಲಿ ಲೋಟದ ಮೇಲೆ ಉಂಗುರದಿಂದ ತಟ್ಟತೊಡಗಿದೆ, ಎರಡಕ್ಕೆ, ನಾಲ್ಕಕ್ಕೆ. ನಾಲ್ಕು ಜನರೆದುರು ನಾನು ತಟ್ಟಿದರೂ ಈ ಸಲ ಯಾರೂ ತಡೆಯಲಿಲ್ಲ. ಪಾಸ್ಟರು ಬೈಬಲ್ಲಿನ ರಟ್ಟಿನ ಮೇಲೆ ಬೆರಳಾಡಿಸಿದರು. ಅವರೂ ಎರಡಕ್ಕೇ.

ಗೇಟಿನ ಹತ್ತಿರ ಅತ್ತೆ ಹಿಂದಿನಿಂದ ಬೇಗ ಬೇಗ ಹೆಜ್ಜೆ ಹಾಕಿ ಬಂದರು. ಹಾಡು ಜೋರಿನದ್ದೋ ನಿಧಾನದ್ದೋ ಅವರಿಗೆ ಬಗೆಹರಿದಿರಲಿಲ್ಲ. ಸ್ವಲ್ಪ ದೂರ ಪಕ್ಕದಲ್ಲೇ ನಡೆದು ಕೇಳಿದರು:

“ಯಾರ್ದಣ್ಣ ಮದ್ವೆ?”

ಅಂಕಲ್ ಕಾರ್ನೆಟ್ಟನ್ನು ತುಟಿಯಿಂದ ಅಷ್ಟೇ ಅಷ್ಟು ಸರಿಸಿ, ಹೆಬ್ಬೆರಳಿನಿಂದ ಹಲ್ಲನ್ನು ಮೇಲಕ್ಕೆ ಒತ್ತಿಕೊಂಡರು.

“ನಮ್ದೇಮ್ಮ,” ಎಂದು, ಮತ್ತೆ ಊದಿದರು.